ಬೀಗ ಹಾಕಿದ ಬಾಗಿಲ ಮುಂದೆ

೧೯೫೨ ಮೇ ೨೯, ಗುರುವಾರ.

ಅಮ್ಮನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಇಟಲಿ ಸುತ್ತುವ ಈ ಸೈಕಲ್ ಪಂದ್ಯ ಯಾವ ಸವಾರನ ಊರಿನ ಮೇಲೆ ಹಾದರೂ ಎಲ್ಲರೂ ನಿಧಾನಿಸಿ ಅವನೊಬ್ಬನನ್ನು ಮುಂದೆ ಬಿಡುವುದು ರೂಢಿ. ಇವತ್ತು ನನ್ನ ಸರದಿ. "ಹೋಗಯ್ಯಾ, ಅಮ್ಮಂಗೆ ಮುಖ ತೋರಿಸ್ಬಿಟ್ಟು ಬಾ" ಎಂದ ನಮ್ಮ ತಂಡದ ನಾಯಕ ಬರ್ತೊಲಿನಿ.

ಹೋದರೆ ಮನೆಗೆ ಬೀಗ. ಹಿತ್ತಿಲಲ್ಲಿರಬೇಕೆಂದು ಕೂಗಿದೆ, ಕಾದೆ. ಕೊನೆಗೆ ಪಕ್ಕದ ಮನೆಯ ಜೆಲ್ಮೀರಾ ಕಿಟಕಿಯಿಂದ, "ಅವಳು ಬೆಳಗ್ಗೇನೇ ಘಟ್ಟ ಹತ್ತಿದ್ಲಲ್ಲೋ, ನಿನ್ನ ನೂಕೋಕೆ" ಎಂದಳು. ಅಷ್ಟರಲ್ಲಿ ಎಲ್ಲರೂ ನನ್ನನ್ನು ದಾಟಿ ಹೋಗಿದ್ದರು.

ಘಟ್ಟದ ತಿರುವಿನಲ್ಲಿ ಅಮ್ಮ ಚಳಿಗೆ ಬೆಂಕಿ ಹಾಕಿಕೊಂಡು ಕೂತಿದ್ದಳು. ಓಡಿಬಂದು ಬೆನ್ನಿಗೆ ಎರಡೂ ಕೈ ಕೊಟ್ಟು ನೂಕುತ್ತಾ, "ಎಲ್ಲರೂ ಹೋಗಿ ಎಷ್ಟೊತ್ತಾಯ್ತು, ಎಲ್ಲಿ ಹಾಳಾಗಿ ಹೋಗಿದ್ಯೋ?" ಎಂದಳು. "ನಿನ್ನ ಬಾಗಿಲಲ್ಲಿ" ಎನ್ನಲು ಉಸಿರಿರಲಿಲ್ಲ. ಹಿಂದೆಯೇ ತೀರ್ಪುಗಾರರ ಕಾರು. ನೂಕಿಸಿಕೊಂಡದ್ದಕ್ಕೆ ಒಂದು ನಿಮಿಷ ದಂಡ. ನಿನ್ನೆಯವರೆಗೆ ಒಟ್ಟು ಸಮಯದ ಪಟ್ಟಿಯಲ್ಲಿ ನನಗಿಂತ ಹಿಂದೆ ಒಬ್ಬನಾದರೂ ಇದ್ದ. ಈಗ ನಾನೇ ಕೊನೆ.

ಒಗೆಯಲೆಂದು ಅಂಗಿ ಬಿಚ್ಚಿದರೆ ಬೆನ್ನಿನ ಮೇಲೆ ಮಸಿಯ ಎರಡು ಅಂಗೈ. ಒಗೆಯದೆ ಮೂಲೆಗೆ ಎಸೆದೆ. ನಾಳೆ ಅದನ್ನೇ ಹಾಕಿಕೊಳ್ಳುತ್ತೇನೆ. ನನ್ನ ಬೆನ್ನು ನೋಡಲು ಹಿಂದೆ ಯಾರಿದ್ದಾರೆ.