ನಂಜು ಎಂದರೆ ಬದನೆಕಾಯಿಯಲ್ಲ

ಗದಗ
ಫೆಬ್ರವರಿ ೩೦, ೨೨೧೪

ನೀಲಗಂಗಾ ಮುತ್ತಜ್ಜಿಯವರಿಗೆ,

ತಾರೀಖು ತಪ್ಪಿಲ್ಲ, ನಿಮಗಿಂತ ಸುಮಾರು ಇನ್ನೂರು ವರ್ಷ ಮುಂದಿನ ಕಾಲದಿಂದ ಬರೆಯುತ್ತಿದ್ದೇನೆ. ಬಿಸಿಲು ಏರುವ ಮೊದಲು ಇನ್ನೆರಡು ದಿನ ಸಿಗಲೆಂದು ನಮ್ಮ ಹಿರಿಯರು ಫೆಬ್ರವರಿಯನ್ನು ಹಿಗ್ಗಿಸಿದರು. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ, ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಆಸ್ಪತ್ರೆಯಲ್ಲಿ ಕೂತು ಬರೆಯುತ್ತಿದ್ದೇನೆ. ಗಾಜಿನಾಚೆ ನನ್ನ ತಂಗಿ ದಾಕ್ಷಾಯಣಿ ಮಲಗಿದ್ದಾಳೆ.

ಅವಳ ಹಿಮ್ಮಡಿಗೆ ಮುಳ್ಳು ಚುಚ್ಚಿ ಕೀವಾಯಿತು. ನಮ್ಮಲ್ಲಿ ಪ್ರತಿ ಮನೆಗೂ ಒಂದು 'ಮನೆದಾದಿ' ಇರುತ್ತದೆ: ಗೋಡೆಯೊಳಗಿಂದ ಮಾತಾಡುವ ಯಂತ್ರ, ಹಳೆಯ ಕಾಲದವರು ಬರೆದಿಟ್ಟದ್ದನ್ನೆಲ್ಲ ಓದಿ ಕಲಿತದ್ದು. ಮೈ ಬಿಸಿಯಾದಾಗ ನಮ್ಮ ಚಿಕ್ಕಮ್ಮ, ಚಿಗವ್ವ, ಅದಕ್ಕೆ ಹೇಳಿದಳು: "ಹುಡುಗಿಗೆ ನಂಜಾಗೇತಿ, ನೋಡವಾ."

ಅದು ವಿನಯದಿಂದ ಉತ್ತರಿಸಿತು: "ಬದನೆಕಾಯಿ ಕೊಡಬೇಡಿ. ಅರಿಸಿನ ಹಚ್ಚಿ."

"ಇಷ್ಟ ಹೌದಲ್ಲ! ಏನೋ ಅಂತ ಹೆದರಿದ್ದೆ. ದಾಕ್ಷಿ, ಇನ್ನ ಬದನಿಕಾಯಿ ಎಣಗಾಯಿ ಎಲ್ಲಾ ನಂದ!" ಎಂದಳು ಚಿಗವ್ವ.

ಎಲ್ಲರೂ ನಕ್ಕೆವು. ನಂಜು ಅಡುಗೆಮನೆಯ ಮಾತು, ಗಾಯದ ಸೋಂಕು ಮೈಗೆಲ್ಲ ಏರುವ ಸೆಪ್ಸಿಸ್ ಆಸ್ಪತ್ರೆಯ ಮಾತು. ಎರಡೂ ಒಂದೇ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ, ಯಂತ್ರಕ್ಕೂ. ಮರುದಿನ ದಾಕ್ಷಿ ನನ್ನ ಗುರುತು ಹಿಡಿಯಲಿಲ್ಲ.

ಇಲ್ಲಿನ 'ಒಳಗನ್ನಡಿ'ಯಲ್ಲಿ ಮಿಡಿಯುವ ಹೃದಯದ ಒಂದೊಂದು ಜೀವಕೋಶವೂ ಕಾಣುತ್ತದೆ. ನಾನು ನೋಡಬಾರದಿತ್ತೇನೋ. ಪ್ರತಿ ಬಡಿತಕ್ಕೂ ಕೋಶದೊಳಗೆ ಕ್ಯಾಲ್ಸಿಯಂ ಉಕ್ಕಿ ಅದು ಬಿಗಿಯಬೇಕು. ಕ್ಯಾಲ್ಸಿಯಂ ತನ್ನ ಚೀಲಕ್ಕೆ ಮರಳಿದಾಗ ಸಡಿಲಬೇಕು. ಅವಳಲ್ಲಿ ಆ ಚೀಲವೇ ಸೋರುತ್ತಿದೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳು ಊದಿಕೊಂಡು ಮಂಕಾಗಿವೆ. ಇದು ಕ್ರಿಮಿಗಳ ಕೆಲಸ ಮಾತ್ರವಲ್ಲ, ಅವುಗಳ ಮೇಲೆ ಏರಿಹೋದ ಅವಳ ಮೈಯ ರೋಗನಿರೋಧಕ ಕಾವಲಿನದೂ ಹೌದು ಎಂಬುದೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ.

ಹೃದಯವನ್ನು ಇನ್ನೂ ಜೋರಾಗಿ ಬಡಿಸುವ ಔಷಧ ಕೊಡಿ ಎಂದು ಕೂಗಾಡಿದೆ. ಡಾಕ್ಟರ್ ಫಕೀರಸಾಬ ತಡೆದರು.

"ಅಕ್ಕಾರ, ಹೃದಯದ ಜೀವಕೋಶ ಸತ್ತಿಲ್ಲ. ಜೀವ ಉಳಿಸ್ಕೊಳ್ಳಾಕ ಕೆಲಸ ಬಿಟ್ಟು ಕುಂತಾವ. ಔಷಧ ಎಷ್ಟು ಬೇಕೋ ಅಷ್ಟು ಕೊಟ್ಟೀವಿ. ಇನ್ನೂ ಬಾರಕೋಲ ಬೀಸಿದ್ರ ಖರೇನ ಸಾಯ್ತಾವ. ಕೀವು ತಗದೀವಿ, ಕಾಯೂಣು."

ಇದು ಕಾಯುವುದೋ ಕೈಬಿಡುವುದೋ, ನನಗೆ ತಿಳಿಯುತ್ತಿಲ್ಲ.

ಮುತ್ತಜ್ಜಿ, ಮನೆದಾದಿ ಓದಿದ್ದು ನಿಮ್ಮ ಕಾಲದ ಬರಹವನ್ನು. ಅದರಲ್ಲಿ ನಂಜು ಎಂದಲ್ಲೆಲ್ಲ ಬದನೆಕಾಯಿ ಇತ್ತು, ಹೃದಯ ಇರಲಿಲ್ಲ. ನೀವು ಕನ್ನಡದಲ್ಲೇ ಬರೆದಿಡಿ, ಅಡುಗೆ ಪುಸ್ತಕದಲ್ಲಾದರೂ ಸರಿ: ಗಾಯವಾದವರಿಗೆ ಜ್ವರ ಬಂದು, ಏದುಸಿರು ಹತ್ತಿ, ಮಾತು ತಡವರಿಸಿದರೆ ನಂಜು ಮೈಗೆಲ್ಲ ಏರಿರಬಹುದು, ಕೂಡಲೇ ಆಸ್ಪತ್ರೆಗೆ ಓಡಿ ಎಂದು. ನೀವು ಬರೆದಿದ್ದರೆ ಯಂತ್ರ ಬೇರೆ ಉತ್ತರ ಕೊಡುತ್ತಿತ್ತು, ಈ ಕಾಗದವೇ ಇರುತ್ತಿರಲಿಲ್ಲ.

ಆದರೆ ಕಾಗದ ಇನ್ನೂ ನನ್ನ ಕೈಯಲ್ಲೇ ಇದೆ, ಅಂದರೆ ನೀವಿನ್ನೂ ಬರೆದಿಲ್ಲ. ಬೇಗ ಬರೆಯಿರಿ.

ನಿಮ್ಮ ಮರಿಮಗಳ ಮರಿಮಗಳು,
ಶಿವಲೀಲಾ