ಆಫ್‌ಸೆಟ್ ಮೂವತ್ತೈದು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7:10

ಮುಂದಿನ ಎಡ ಚಕ್ರ ಮತ್ತೆ ಅಳೆದೆ. ನಿನ್ನೆಯದೂ ಸೇರಿ ನಾಲ್ಕನೇ ಸಲ. ದಾರಕ್ಕೊಂದು ನಟ್ಟು ಕಟ್ಟಿ, ಚಕ್ರದ ಮೇಲೆ ಕಮಾನಾಗಿ ಬಾಗಿದ ಫೆಂಡರಿನ ಅಂಚಿನಿಂದ ಇಳಿಬಿಟ್ಟೆ. ಟಯರಿನ ಮೈ ದಾರಕ್ಕಿಂತ ಮೂವತ್ತೆರಡು ಮಿಲಿಮೀಟರ್ ಒಳಗಿದೆ. ನಾಲ್ಕು ಸಲವೂ ಮೂವತ್ತೆರಡೇ.

ಕಾರು ಕೊಂಡಾಗಲೇ ಅದರ ಎತ್ತರ ತಗ್ಗಿಸಿಯಾಗಿತ್ತು. ಹಳೆಯ ಮಾಲೀಕ ಗಿಡ್ಡ ಸ್ಪ್ರಿಂಗ್ ಹಾಕಿಸಿ, ಚಕ್ರ ಮಾತ್ರ ಕಂಪನಿಯದೇ ಬಿಟ್ಟಿದ್ದ. ಹದಿನೈದು ಇಂಚು, ಸಪೂರ. ಹಲ್ಲು ಹೋದ ಬಾಯಿಯ ಕೆನ್ನೆಗಳ ಹಾಗೆ ಒಳಗೆ ಕುಸಿದಿವೆ. ನೋಡಿದಾಗಲೆಲ್ಲ ಕೈ ತುರಿಸುತ್ತದೆ.

ಗಂಡ ಕೆಲಸಕ್ಕೆ ಹೊರಡುತ್ತಾ ನಿಂತು ನೋಡಿದರು. ಲಿಫ್ಟ್ ರಿಪೇರಿ ಮಾಡುವವರು. ಮೇಲೆ ಹೋಗುವ ವಸ್ತುಗಳ ಮೇಲೆ ಮಾತ್ರ ಗೌರವ.

"ಇದು ಕಾರೋ ಇಸ್ತ್ರಿ ಪೆಟ್ಟಿಗೆಯೋ? ರಸ್ತೆ ಸುಕ್ಕೆಲ್ಲ ಹೋಗ್ತಿದೆ."

ನಗಲಿಲ್ಲ ನಾನು. ಮನೆಯಲ್ಲಿ ಕೂತು ಇವತ್ತಿಗೆ ಹನ್ನೊಂದು ದಿನ.

ಮಾರ್ಚ್ 4, ಮಂಗಳವಾರ

ಬರೆದುಬಿಡುತ್ತೇನೆ, ಒಂದೇ ಉಸಿರಿಗೆ.

ಕನ್ನಡಕದ ಅಂಗಡಿಯಲ್ಲಿ ಒಂಬತ್ತು ವರ್ಷದಿಂದ ಲೆನ್ಸ್ ಕತ್ತರಿಸಿ ಕೂರಿಸುವುದು ನನ್ನ ಕೆಲಸ. ಡಾಕ್ಟರ ಚೀಟಿ ನೋಡಿ ನಂಬರನ್ನು ಕಾರ್ಡಿಗೆ ಇಳಿಸಿಕೊಳ್ಳುವುದು ನಾನು, ಇಲ್ಲವೇ ಓನರ್. ಆಮೇಲೆ ಕಾರ್ಡ್ ನೋಡಿಕೊಂಡು ಲೆನ್ಸ್. ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರದು ಬಂದಿತ್ತು. ಬಲಗಣ್ಣಿನ ಆಕ್ಸಿಸ್ — ಲೆನ್ಸ್ ಯಾವ ಕೋನಕ್ಕೆ ತಿರುಗಿರಬೇಕು ಅನ್ನುವುದು — ನೂರ ಎಂಬತ್ತು. ಹಾಕಿದ್ದು ಹದಿನೆಂಟು. ಒಂದು ಸೊನ್ನೆ ಕಡಿಮೆ. ಮೂರು ಸಲ ಚೆಕ್ ಮಾಡಿದ್ದೆ... ಕಾರ್ಡಿನ ಪ್ರಕಾರ.

ಮೇಷ್ಟ್ರಿಗೆ ನೆಲವೆಲ್ಲ ಓರೆ ಕಂಡಿದೆ. ಹೊಸ ಕನ್ನಡಕ, ಒಗ್ಗಿಹೋಗುತ್ತದೆ ಅಂದುಕೊಂಡಿದ್ದಾರೆ. ಮೂರನೇ ದಿನ ಮೆಟ್ಟಿಲಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಮಗಳು ಸೊಟ್ಟಗಾದ ಫ್ರೇಮ್ ರಿಪೇರಿಗೆ ತಂದಾಗ, ಜೊತೆಗಿದ್ದ ಚೀಟಿ ಹಿಡಿದು ಮೆಷಿನ್‌ಗೆ ಇಟ್ಟು ನೋಡಿದೆ. ಹದಿನೆಂಟು. ಕಾಲಿನ ಕೆಳಗಿನ ನೆಲ ನನಗೂ ಓರೆಯಾಯಿತು.

ಕಾರ್ಡ್ ಹುಡುಕಿದೆವು. ಇಲ್ಲ. ಬರೆದದ್ದು ನಾನೋ, ಅವರೋ? ಓನರ್ ನನ್ನ ಮುಖ ನೋಡದೆ, "ನೀನು ಸ್ವಲ್ಪ ದಿನ ಮನೇಲಿರಮ್ಮ" ಅಂದರು. ಮೇಷ್ಟ್ರ ಮಗಳಿಗೆ ಹೇಳಿದ್ದು ಬೇರೆ: "ವಯಸ್ಸಾಯ್ತಲ್ಲಮ್ಮ, ತಲೆ ತಿರುಗೋದು ಸಹಜ."

ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಮಾರ್ಚ್ 6, ಗುರುವಾರ

ರಿಮ್ ಅಂಗಡಿಗೆ ಹೋಗಿದ್ದೆ. ಅಂಗಡಿಯವನಿಗೆ ಮನಸ್ಸಿನಲ್ಲೇ ಚಕ್ರಪಾಣಿ ಅಂತ ಹೆಸರಿಟ್ಟೆ. ಮಾತಾಡುವಾಗ ಕೈಯಲ್ಲಿ ಯಾವುದಾದರೂ ಒಂದು ರಿಮ್ ಇರಲೇಬೇಕು.

"ಆಫ್‌ಸೆಟ್ ನಂಬರ್ ಜಾಸ್ತಿ ಆದಷ್ಟೂ ಚಕ್ರ ಒಳಗೆ ಹೋಗತ್ತೆ. ಕಮ್ಮಿ ಆದಷ್ಟೂ ಹೊರಗೆ ಬರತ್ತೆ. ಇಷ್ಟೇ ಮೇಡಂ ಇದರ ವೇದಾಂತ. ನಿಮ್ಮದು ನಲವತ್ತೈದು."

ನಾನು ಆರಿಸಿಕೊಂಡು ಹೋಗಿದ್ದು ಹದಿನೇಳು ಇಂಚು, ಏಳೂವರೆ ಅಗಲ, ಆಫ್‌ಸೆಟ್ ಮೂವತ್ತೈದು. ಅಗಲವೂ ಸೇರಿ ಇಪ್ಪತ್ತೊಂಬತ್ತು ಮಿಲಿಮೀಟರ್ ಹೊರಗೆ ಬರುತ್ತದೆ. ಮೂವತ್ತೆರಡರಲ್ಲಿ ಇಪ್ಪತ್ತೊಂಬತ್ತು ಕಳೆದರೆ ಮೂರು ಉಳಿಯಿತು. ಫೆಂಡರಿನ ಅಂಚಿಗೆ ಗೆರೆ ಎಳೆದ ಹಾಗೆ.

ಅವನು ತಲೆ ಕೆರೆದುಕೊಂಡ. "ಹದಿನಾರು ಇಂಚು ಹಾಕ್ಸಿ. ಇಳಿಸಿದ ಗಾಡಿ ಇದು. ಹಿಂದೆ ಜನ ಕೂತ್ರೆ?"

"ನಾಲ್ಕು ಸಲ ಅಳೆದಿದ್ದೀನಿ."

"ನಿಲ್ಲಿಸಿ ಅಳೆದ್ರಾ?"

"ಇನ್ನೇನು, ಓಡಿಸ್ಕೊಂಡು ಅಳೀಬೇಕಿತ್ತಾ?" ಅಂದುಬಿಟ್ಟೆ. ಧ್ವನಿ ನನಗೇ ಒರಟಾಗಿ ಕೇಳಿಸಿತು. ಅವನು ಕೈಯಲ್ಲಿದ್ದ ರಿಮ್ ಕೆಳಗಿಟ್ಟ. ಆರ್ಡರ್ ಬರೆದುಕೊಂಡ.

ಮಾರ್ಚ್ 8, ಶನಿವಾರ

ಹಾಕಿಸಿದೆ. ಗೇಟಿನ ಹತ್ತಿರ ನಿಂತು ನೋಡಿದೆ, ಅಡುಗೆಮನೆ ಕಿಟಕಿಯಿಂದ ನೋಡಿದೆ, ಸ್ನಾನ ಮಾಡಿ ಬಂದು ಮತ್ತೆ ನೋಡಿದೆ. ಎಷ್ಟು ಚೆಂದ! ಅಳತೆ ಅಂದರೆ ಇದು. ನನ್ನ ಕಣ್ಣಲ್ಲಿ ದೋಷವಿಲ್ಲ. ಕೈಯಲ್ಲೂ ಇಲ್ಲ. ಹಾಗಾದರೆ ಆ ಕಾರ್ಡ್ ಬರೆದದ್ದು ಓನರೇ ಇರಬೇಕು. ಇರಲೇಬೇಕು.

ಮಾರ್ಚ್ 9, ಭಾನುವಾರ

ಅತ್ತೆಯನ್ನು ಅವರ ತಂಗಿಯ ಮನೆಗೆ ಬಿಡಲು ಹೊರಟೆವು. ಸ್ಟಿಯರಿಂಗಿನಲ್ಲಿ ನಾನು. ಹಿಂದೆ ಅತ್ತೆ, ಇವರು, ಇಬ್ಬರ ನಡುವೆ ಅತ್ತೆಯ ಚೀಲಗಳು. ಈ ಕಾರಿಗೆ ಹತ್ತಿ ಇಳಿಯುವುದೇ ಅತ್ತೆಗೊಂದು ಸಾಹಸ — "ಬಾವಿಯಿಂದ ಕೊಡ ಸೇದಿದ ಹಾಗೆ ನನ್ನ ಸೇದ್ಬೇಕು ಕಣೇ" ಅನ್ನುತ್ತಾರೆ, ಆದರೂ ಬರುತ್ತಾರೆ.

ಸೇತುವೆ ಇಳಿದು ತಿರುಗುವಲ್ಲಿ ರಸ್ತೆ ತಗ್ಗು. ಖರ್ರ್ ಅಂತ ಸದ್ದು. ಹಿಂದಿನಿಂದ. ಇನ್ನೊಂದು ತಗ್ಗು, ಇನ್ನೊಂದು ಖರ್ರ್. ರಬ್ಬರ್ ಸುಟ್ಟ ವಾಸನೆ. ಇಳಿದು ನೋಡಿದರೆ ಫೆಂಡರಿನ ಮಡಿಕೆ ಟಯರಿನ ಹೆಗಲನ್ನು ಉದ್ದಕ್ಕೂ ಕೊರೆದಿದೆ. ಉಗುರು ಇಟ್ಟರೆ ಒಳಗೆ ಹೋಗುತ್ತದೆ. ಗಂಟೆಗೆ ಇನ್ನೊಂದು ಹತ್ತು ಕಿಲೋಮೀಟರ್ ಹೆಚ್ಚು ವೇಗದಲ್ಲಿ ಹೋಗಿದ್ದರೆ...

ಇವರು ರೇಗಲಿಲ್ಲ. ಮೆಲ್ಲಗೆ ಹೇಳಿದರು. "ಅಳೆದೆ ಅಳೆದೆ ಅಂತಿದ್ಯಲ್ಲ. ಅಮ್ಮ ಕೂತಿದ್ರು ಹಿಂದೆ."

ರೇಗಿದ್ದರೆ ಚೆನ್ನಾಗಿತ್ತು.

ಮಾರ್ಚ್ 15, ಶನಿವಾರ

ಆರು ದಿನ ಏನೂ ಬರೆದಿಲ್ಲ. ಕಾರು ಹೊರಗೆ ತೆಗೆದಿಲ್ಲ. ಕಪಾಟುಗಳನ್ನೆಲ್ಲ ತೆಗೆದು ಜೋಡಿಸಿ ಮತ್ತೆ ತೆಗೆದೆ. ಅತ್ತೆ ತಂಗಿಯ ಮನೆಯಿಂದ ಬಂದವರು, "ನೀನು ಕೂತ್ಕೊಂಡ್ರೆ ಮನೇಗೂ ಸ್ವಲ್ಪ ರೆಸ್ಟ್ ಸಿಗತ್ತೆ" ಅಂದರು.

ಸಂಜೆ ಓನರ್ ಫೋನ್. ಕಾರ್ಡ್ ಸಿಕ್ಕಿದೆಯಂತೆ. ಡ್ರಾಯರ್ ಹಿಂದೆ ಬಿದ್ದಿತ್ತಂತೆ. "ನಾಳೆ ಬಂದು ನೋಡು."

ಮಾರ್ಚ್ 16, ಭಾನುವಾರ

ನನ್ನ ಅಕ್ಷರ. ಎಂಟರ ಮೇಲಿನ ಸುತ್ತು ದೊಡ್ಡದು, ಕೆಳಗಿನದು ಚಿಕ್ಕದು. ಪ್ರಪಂಚದಲ್ಲಿ ಇನ್ಯಾರೂ ಹಾಗೆ ಬರೆಯುವುದಿಲ್ಲ. ಹದಿನೆಂಟು. ಸೊನ್ನೆಯ ಸುಳಿವೇ ಇಲ್ಲ.

ಓನರ್ ಕಾರ್ಡನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿದರು. "ಮುಗೀತು. ಹೊಸ ಲೆನ್ಸ್ ಹಾಕಿ ಕಳಿಸೋಣ. ಯಾಕೆ ಏನು ಅಂತ ಯಾರಿಗೂ ಹೇಳೋದು ಬೇಡ. ನಾಳೆಯಿಂದ ಬಾ."

"ಮೇಷ್ಟ್ರು ಹೇಗಿದ್ದಾರೆ?"

"ಮಗಳು ಫೋನ್ ಮಾಡಿದ್ಲು. ಹೊರಗೆ ಹೋಗೋದೇ ಬಿಟ್ಟಿದ್ದಾರಂತೆ. ತಲೆ ಸ್ಕ್ಯಾನ್ ಮಾಡಿಸ್ತಾರಂತೆ."

ದಾರಿಯುದ್ದಕ್ಕೂ ನಡೆದೇ ಬಂದೆ. ಬಸ್ಸು ಪಕ್ಕದಲ್ಲೇ ಹೋಗುತ್ತಿದ್ದರೂ.

ಮಾರ್ಚ್ 18, ಮಂಗಳವಾರ

ನಿನ್ನೆ ಕೆಲಸಕ್ಕೆ ಹೋಗಲಿಲ್ಲ. ಇವತ್ತೂ. ಜ್ವರ ಅಂದೆ.

ಬೆಳಿಗ್ಗೆ ಇವರನ್ನೂ ಅತ್ತೆಯನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿ, ನಾನು ಚಕ್ರದ ಪಕ್ಕ ನೆಲಕ್ಕೆ ಕೂತು ಅಳೆದೆ. ಅಷ್ಟಕ್ಕೇ ಕಾರಿನ ಮೈ ಎರಡು ಬೆರಳು ಇಳಿದಿದೆ. ಫೆಂಡರಿನೊಳಗೆ ಜೇಡಿಮಣ್ಣು ಮೆತ್ತಿ ಇವರಿಗೆ, "ಸ್ವಲ್ಪ ಕುಪ್ಪಳಿಸಿ" ಅಂದೆ.

"ಈ ವಯಸ್ಸಿಗೆ ಇದೊಂದು ಬಾಕಿ ಇತ್ತು" ಅನ್ನುತ್ತಲೇ ಕುಪ್ಪಳಿಸಿದರು. ಅತ್ತೆ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಟಯರು ಮಣ್ಣನ್ನು ಕಾಗದದಷ್ಟು ತೆಳ್ಳಗೆ ಒತ್ತಿಬಿಟ್ಟಿತ್ತು.

ಅಲ್ಲೇ, ನೆಲದ ಮೇಲೆ ಕೂತೇ, ಕಾರ್ಡಿನ ವಿಷಯ ಹೇಳಿದೆ. ಇಬ್ಬರ ನಗುವೂ ನಿಂತಿತು.

ಇವರು, "ಓನರ್ರೇ ಮುಚ್ಚಿ ಹಾಕಿದ್ದಾರಲ್ಲ, ನೀನ್ಯಾಕೆ ಮೈಮೇಲೆ ಎಳ್ಕೋತೀಯ?" ಅಂದರು.

ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಕೈ ಮುರಿದಿದ್ದು ಕೂಡ್ಕೊಳತ್ತೆ ಬಿಡೋ. ಆ ಮನುಷ್ಯ ತನ್ನ ತಲೆ ಕೆಟ್ಟಿದೆ ಅಂತ ಕೂತಿದ್ದಾನಲ್ಲ. ಅದು ನನಗೆ ಗೊತ್ತು, ಎಂಥ ಹೆದರಿಕೆ ಅಂತ. ಒಂದಿನ ಗ್ಯಾಸ್ ಆರಿಸೋದು ಮರೆತ್ರೆ ನಾನು ವಾರ ನಿದ್ದೆ ಮಾಡಲ್ಲ."

ಅತ್ತೆಯನ್ನು ಸೇದಿ ಇಳಿಸಿಕೊಂಡೆವು.

ಮಾರ್ಚ್ 20, ಗುರುವಾರ

ಚಕ್ರಪಾಣಿಗೆ ಮೊದಲು ಕ್ಷಮೆ ಕೇಳಿದೆ. "ಅಯ್ಯೋ, ಎಲ್ಲರೂ ಒಂದ್ಸಲ ತಿಕ್ಕಿಸ್ಕೊಂಡೇ ಬರೋದು ಮೇಡಂ" ಅಂದ. ಹದಿನಾರು ಇಂಚು, ಏಳು ಅಗಲ, ಆಫ್‌ಸೆಟ್ ನಲವತ್ತು. ಹದಿನಾಲ್ಕು ಮಿಲಿಮೀಟರ್ ಒಳಗೆ ಕೂತಿತು. ಅಷ್ಟೇನೂ ಜೋರಿಲ್ಲ. ತಿಕ್ಕುವುದಿಲ್ಲ.

ಅಲ್ಲಿಂದ ನೇರ ಮೇಷ್ಟ್ರ ಮನೆ. ಗೇಟಿನ ಮುಂದೆ ಎರಡು ಸಲ ದಾಟಿ ಹೋದೆ.

ಬಾಗಿಲು ತೆಗೆದವರೇ ಅವರು. ಕೈಗೆ ಪ್ಲಾಸ್ಟರ್. ಕೋಣೆಯ ಪರದೆ ಎಳೆದಿತ್ತು, ಮೇಜಿನ ಮೇಲೆ ಪೆನ್ಸಿಲುಗಳೆಲ್ಲ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದವು. ನಿಂತಲ್ಲೇ ಹೇಳಿದೆ. ನಂಬರ್ ತಪ್ಪು ಬರೆದವಳು ನಾನು, ಅದಕ್ಕೇ ನೆಲ ಓರೆ ಕಂಡಿದ್ದು, ಅದಕ್ಕೇ ಬಿದ್ದದ್ದು.

ತಮ್ಮ ಪ್ಲಾಸ್ಟರ್ ಕೈಯನ್ನು ನೋಡಿಕೊಂಡರು. "ಹಾಗಾದ್ರೆ ನನ್ನ ತಲೆ..."

"ಸರಿಯಾಗಿದೆ ಸಾರ್. ಕನ್ನಡಕ ಸರಿ ಇರ್ಲಿಲ್ಲ."

ಕೂತರು. ಆಮೇಲೆ ಸಿಟ್ಟು ಬಂತು — ಬರಲೇಬೇಕಿತ್ತು. "ಮೊಮ್ಮಗೂನ ನನ್ನ ಕೈಗೆ ಕೊಡೋದು ನಿಲ್ಲಿಸಿದ್ದಾರೆ, ಗೊತ್ತೇನಮ್ಮ ನಿಮಗೆ? ಬೀಳಿಸ್ತೀನಿ ಅಂತ!" ಫೋನ್ ನನ್ನ ಕೈಗಿಟ್ಟರು. "ಮಗಳಿಗೆ ಹೇಳಿ. ಈಗಲೇ. ಇದೇ ಮಾತು."

ಹೇಳಿದೆ. ಮಗಳು ಅತ್ತ ಕಡೆಯಿಂದ ಬಾಯಿಗೆ ಬಂದಂತೆ ಬೈದಳು. ಕೇಳಿಸಿಕೊಂಡೆ. ಮೇಷ್ಟ್ರು ಎದುರಿಗೆ ಕೂತು ಒಂದೊಂದು ಬೈಗುಳಕ್ಕೂ ತಲೆಯಾಡಿಸುತ್ತಿದ್ದರು, ನಿಧಾನವಾಗಿ ಪರದೆ ಸರಿಸುತ್ತಾ.

ಹೊರಡುವಾಗ ಹೇಳಿದರು: "ಹೊಸದನ್ನ ನೀವೇ ಮಾಡಿ. ಬೇರೆಯವರು ಬೇಡ. ನನ್ನ ನಂಬರ್ ಇನ್ನು ನೀವು ಜನ್ಮದಲ್ಲಿ ಮರೆಯಲ್ಲ."

ಮಾರ್ಚ್ 22, ಶನಿವಾರ. ಸಂಜೆ

ನಿನ್ನೆ ಓನರ್‌ಗೆ ಹೇಳಿದೆ. ಕೂಗಾಡಿದರು. ಅಂಗಡಿ ಮಾನ ಹೋಯಿತು ಅಂದರು. ಕೀ ಕೊಡು ಅಂದರು. ಕೊಟ್ಟೆ. ಅಷ್ಟರಲ್ಲಿ ಮೇಷ್ಟ್ರ ಫೋನ್ ಬಂತು — ಕನ್ನಡಕ ಆ ಹೆಣ್ಣುಮಗಳೇ ಮಾಡಬೇಕು, ಇಲ್ಲದಿದ್ದರೆ ಊರಿಗೆಲ್ಲ ಹೇಳುತ್ತೇನೆ ಅಂತ. ಓನರ್ ಕೀಯನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿದರು. ಇನ್ನು ಮೇಲೆ ಪ್ರತಿ ಕಾರ್ಡನ್ನೂ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಚೀಟಿ ನೋಡಬೇಕು. ಇದು ನನ್ನ ಷರತ್ತು. "ಆಯ್ತು ಮಾರಾಯ್ತಿ" ಅಂದರು.

ಇವತ್ತು ನಾಲ್ಕಕ್ಕೆ ಮೇಷ್ಟ್ರು ಮಗಳ ಜೊತೆ ಬಂದರು. ಕನ್ನಡಕ ಹಾಕಿದೆ, ಕಿವಿಯ ಹಿಂದೆ ಸರಿಪಡಿಸಿದೆ. ನೆಲ ನೋಡಿದರು. ಗೋಡೆ ನೋಡಿದರು. ಮಗಳು ಕೈ ಚಾಚಿದಳು, ಬೇಡ ಅಂದರು. ಅಂಗಡಿಯ ಮೂರು ಮೆಟ್ಟಿಲನ್ನೂ ಒಬ್ಬರೇ ಇಳಿದರು. ನಾನು ಬಾಗಿಲಲ್ಲಿ ನಿಂತು ಒಂದೊಂದನ್ನೂ ಎಣಿಸಿದೆ.

ಕೆಳಗೆ ನನ್ನ ಕಾರಿನ ಮುಂದೆ ನಿಂತರು. ಒಂದು ಕಣ್ಣು ಮುಚ್ಚಿದರು, ಹೆಬ್ಬೆರಳು ಮುಂದೆ ಹಿಡಿದು ಅಳೆದರು, ಚಿತ್ರ ಬರೆಯುವವರ ಹಾಗೆ.

"ಇದು ನಿಮ್ದಾ? ಹಿಂದಿನ ಚಕ್ರ ಮುಂದಿನದಕ್ಕಿಂತ ಒಂದು ಕೂದಲು ಒಳಗಿದೆಯಲ್ಲಮ್ಮ."

ಸಾಧ್ಯವೇ ಇಲ್ಲ ಅಂದೆ. ಸ್ಕೇಲ್ ತಂದು ಬಗ್ಗಿ ಅಳೆದೆ. ಮುಂದೆ ಹದಿನಾಲ್ಕು. ಹಿಂದೆ ಹದಿನೇಳು. ಇನ್ನೊಂದು ಬದಿಯನ್ನೂ ನೋಡೋಣ ಅಂತ ಆ ಕಡೆ ಹೋದರೆ, ಮೇಷ್ಟ್ರು ಆಗಲೇ ಪ್ಲಾಸ್ಟರ್ ಕೈಯನ್ನು ಬಾನೆಟ್ ಮೇಲೆ ಊರಿಕೊಂಡು, ಇನ್ನೊಂದು ಕೈಯ ಹೆಬ್ಬೆರಳು ಮುಂದೆ ಹಿಡಿದು ಆ ಬದಿಯ ಚಕ್ರವನ್ನು ಅಳೆಯುತ್ತಿದ್ದರು.