ಚೆನ್ನಾಗಿ ತೊಳೆದದ್ದೇ ತಪ್ಪಾದ ಸ್ನಾಯುರಜ್ಜು

ಮಹಾಜನರೇ, ಮುಂದಿನ ಸಾಲಿನ ಗಣ್ಯರೇ, ಹಿಂದೆ ನಿಂತು ಶಿಳ್ಳೆ ಹೊಡೆಯುವ ನನ್ನ ನಿಜವಾದ ಬಂಧುಗಳೇ, ಎಲ್ಲರೂ ಹತ್ತಿರ ಬನ್ನಿ! ಅಂಗಾಂಶ ಪರವಾನಗಿ ಕಚೇರಿಯ ಮಾನ್ಯ ನಿರ್ದೇಶಕರೇ, ತಾವೂ ದಯಮಾಡಿಸಿ. ಇಂದಿನ ಆಟದ ನಾಯಕರು ತಾವೇ. ನನ್ನ ಹಿಮ್ಮಡಿಗೆ ಬೇಕಾದ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗ, ಆಸ್ಪತ್ರೆಯ ಫ್ರೀಜರಿನಲ್ಲಿ ಸಿದ್ಧವಾಗಿ ಮಲಗಿದೆ. ಅದನ್ನು ಹೊರತೆಗೆಯಲು ತಮ್ಮ ಕಚೇರಿ ಬಿಡುತ್ತಿಲ್ಲ. ಕಾರಣವೇನು? ಅದರಲ್ಲಿ ಜೀವಂತ ಜೀವಕೋಶಗಳಿಲ್ಲವಂತೆ!

ಮೊದಲು ನನ್ನ ಪರಾಕ್ರಮ ಕೇಳಿ. ರಂಗದ ಮೇಲೆ ಚಕ್ರವರ್ತಿಯಾಗಿ ಘರ್ಜಿಸಿಯೇ ತಲೆ ನರೆತವನು ನಾನು. ಕಳೆದ ವರ್ಷ "ಎಲವೋ ದ್ರೋಹಿ!" ಎನ್ನುತ್ತಾ ಸಿಂಹಾಸನದಿಂದ ಹಾರಿದೆ. ಹಿಂದಿನಿಂದ ಯಾರೋ ಕಾಲಿಗೆ ಒದ್ದಂತಾಯಿತು. ತಿರುಗಿ ಮಂತ್ರಿಯ ಕೆನ್ನೆಗೆ ಬಾರಿಸಿದೆ. ಪಾಪ, ಅವನು ಒದ್ದಿರಲಿಲ್ಲ. ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿದ ಹಗ್ಗವೇ ಕಿತ್ತುಹೋಗಿತ್ತು. ಜನ ಚಪ್ಪಾಳೆ ತಟ್ಟಿದರು. ಅದಕ್ಕೆ ಮರುಳಾದ ನಾನು ಬರೀ ಉಳುಕೆಂದು ಎಣ್ಣೆ ತಿಕ್ಕಿಕೊಂಡು ತಿಂಗಳುಗಟ್ಟಲೆ ಕುಂಟುತ್ತಲೇ ರಾಜ್ಯಭಾರ ಮಾಡಿದೆ. ಒಂದು ಪತ್ರಿಕೆ 'ಗಂಭೀರ ನಡಿಗೆ' ಎಂದು ಹೊಗಳಿತು. ಅಷ್ಟರಲ್ಲಿ ಕಿತ್ತ ತುದಿಗಳು ಹೊಲಿಯಲಾಗದಷ್ಟು ದೂರ ಸರಿದಿದ್ದವು.

"ದಾನಿಯ ಸ್ನಾಯುರಜ್ಜು ಹಾಕೋಣ," ಎಂದರು ಶಸ್ತ್ರವೈದ್ಯೆ.

"ದಾನಿ ಯಾರು ತಾಯಿ? ಹಾಸ್ಯಪಾತ್ರದವನಾ? ಯುದ್ಧದ ದೃಶ್ಯದಲ್ಲಿ ಕಾಲು ಅವನ ಹಾಗೆ ಕುಣಿದ್ರೆ ನನ್ನ ಮಾನ ಏನಾಗ್ಬೇಕು?"

"ಅವರ ಜೀವಕೋಶ ಉಳಿಸಲ್ಲ ಯಜಮಾನ್ರೇ. ಹೆಪ್ಪುಗಟ್ಟಿಸಿ, ಕರಗಿಸಿ ಒಡೀತೀವಿ. ಸೋಪಿನಂಥ ದ್ರಾವಣದಲ್ಲಿ ತೊಳೀತೀವಿ. ಉಳಿಸಿಬಿಟ್ರೆ ನಿಮ್ಮ ಮೈ ಜಗಳ ತೆಗೆಯುತ್ತೆ, ಜಾಸ್ತಿ ತೊಳೆದ್ರೆ ಹಗ್ಗಾನೇ ಸಡಿಲ ಆಗುತ್ತೆ. ಬಾಡಿಗೆಯವರನ್ನ ಖಾಲಿ ಮಾಡಿಸ್ಬೇಕು, ಗೋಡೆ ಬೀಳಿಸ್ಬಾರ್ದು. ಆಮೇಲೆ ನಿಮ್ಮ ಜೀವಕೋಶಗಳೇ ಬಂದು ಸಂಸಾರ ಹೂಡ್ತವೆ."

"ಡಾಕ್ಟ್ರೇ, ಅದೇ ದ್ರಾವಣದಲ್ಲಿ ಇವರ ಗಂಟಲನ್ನೂ ಒಂದ್ಸಲ ಅದ್ದಿ ತೆಗೀರಿ," ಎಂದಳು ನನ್ನ ಹೆಂಡತಿ. ಮೂವತ್ತು ವರ್ಷದ ದಾಂಪತ್ಯದಲ್ಲಿ ಅವಳಿಗೆ ಬಿದ್ದ ಮೊದಲ ಚಪ್ಪಾಳೆ ಅದು; ತಟ್ಟಿದವರು ನರ್ಸುಗಳು.

ಹೀಗೆ ತೊಳೆದು ಸಿದ್ಧಪಡಿಸಿದ ಹಗ್ಗದ ತುಣುಕು ಪರೀಕ್ಷೆಗೆಂದು ತಮ್ಮಲ್ಲಿಗೆ ಬಂತು. ತಾವೋ, ಸುಟ್ಟ ಗಾಯಕ್ಕೆ ಹಚ್ಚುವ ಜೀವಂತ ಚರ್ಮಕ್ಕೆಂದು ಮಾಡಿದ ನಿಯಮವನ್ನು ಇದಕ್ಕೂ ಹೊದಿಸಿ ಅನುತ್ತೀರ್ಣ ಮಾಡಿದಿರಿ. ತೊಳೆದ ತಟ್ಟೆಯಲ್ಲಿ ಎಂಜಲಿಲ್ಲವೆಂದು ಊಟ ಬಿಟ್ಟು ಎದ್ದವರನ್ನು ಯಾರಾದರೂ ಕಂಡಿದ್ದೀರಾ? ನಾನು ಫೋನ್ ಮಾಡಿದೆ. ತಮ್ಮ ಗುಮಾಸ್ತರು ಬಹಳ ಸಜ್ಜನರು.

"ನಿಯಮದಲ್ಲಿ ಜೀವಂತ ಅಂತಿದೆ ಸಾರ್."

"ಅದನ್ನ ತೆಗೆಯೋಕೇ ಅಲ್ವೇನಪ್ಪಾ ತೊಳೆದಿದ್ದು!"

"ಹಾಗಾದ್ರೆ ಸ್ವಲ್ಪ ಕಡಿಮೆ ತೊಳೆದು ಕಳಿಸೋಕೆ ಹೇಳಿ ಸಾರ್."

ನಿರ್ದೇಶಕರೇ, ಇನ್ನೊಬ್ಬರ ಸಂಭಾಷಣೆಗೆ ನಾನು ಚಪ್ಪಾಳೆ ತಟ್ಟಿದ್ದು ಜೀವಮಾನದಲ್ಲಿ ಅದೊಂದೇ ಸಲ.

ನಗುವವರು ನಗಲಿ, ನಾನೂ ನಗುತ್ತೇನೆ. ಆದರೆ ಎಳೆಯುವ ಹಗ್ಗವಿಲ್ಲದೆ ನನ್ನ ಮೀನಖಂಡ ದಿನೇದಿನೇ ಸೊರಗುತ್ತಿದೆ. ಅದು ಪೂರ್ತಿ ಸೊರಗಿದರೆ ಆಮೇಲೆ ಯಾವ ಹಗ್ಗ ಕಟ್ಟಿದರೂ ಕಾಲು ಏಳದು ಎಂದಿದ್ದಾರೆ ವೈದ್ಯೆ. ಈಗ ನನಗೆ ಸಿಕ್ಕಿರುವ ಪಾತ್ರ ಹಾಸಿಗೆ ಹಿಡಿದ ಮುದುಕನದು. ನಾನು ಸಾಯಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆಂದು ಹೊಸ ಚಕ್ರವರ್ತಿ, ಅದೇ ಏಟು ತಿಂದ ಮಂತ್ರಿ, ನನ್ನ ಮಂಚವನ್ನೇ ಪರದೆಯ ಹಿಂದಕ್ಕೆ ತಳ್ಳಿಸುತ್ತಾನೆ.

ಆದ್ದರಿಂದ ನನ್ನ ಆಗ್ರಹ ಇಷ್ಟೇ. ತೊಳೆದ ಸ್ನಾಯುರಜ್ಜುವಿನಲ್ಲಿ ಜೀವಕೋಶ ಉಳಿದಿದೆಯೇ ಎಂದು ನೋಡಿ, ಉಳಿದಿದ್ದರೆ ತಿರಸ್ಕರಿಸಿ. ಹಗ್ಗ ಎಳೆತಕ್ಕೆ ತಾಳುತ್ತದೆಯೇ ಎಂದು ನೋಡಿ. ತಾಳಿದರೆ ಈ ವಾರವೇ ಬಿಡಿ.

ತಮ್ಮ ಕೊಠಡಿ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಕೆಟ್ಟಿದೆ ಎಂದು ಕೇಳಿದ್ದೇನೆ. ನಾಳೆ ಬೆಳಿಗ್ಗೆ ಕಚೇರಿ ತೆರೆಯುತ್ತಲೇ ಮೆಟ್ಟಿಲ ಮೇಲೆ ಕೂತು, ಹಿಮ್ಮುಖವಾಗಿ, ಒಂದೊಂದೇ ಮೆಟ್ಟಿಲು ತೆವಳಿಕೊಂಡು, ತಮ್ಮ ಬಿರುದಾವಳಿಯನ್ನು ಗಟ್ಟಿಯಾಗಿ ಹಾಡುತ್ತಾ ಮೇಲೆ ಬರುತ್ತೇನೆ.

ಇಂತಿ,
ಗಂಟಲೊಂದೇ ನೆಟ್ಟಗಿರುವ
ತಮ್ಮ ಕುಂಟ ಚಕ್ರವರ್ತಿ